ಓದಿ ಸವೆಸಿದ ಪುಸ್ತಕಗಳು

1485ರ ಡಿಸೆಂಬರ್‌ನಲ್ಲಿ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಒಂದು ಪುಸ್ತಕ ಅಚ್ಚಾಯಿತು. ಶಾರ್ಲಮೇನ್ ಚಕ್ರವರ್ತಿಯ ಕಥೆ, ಫ್ರೆಂಚಿನಿಂದ ಇಂಗ್ಲಿಷಿಗೆ ತಂದದ್ದು. ಪುಸ್ತಕದ ಕೊನೆಯಲ್ಲಿ ಅನುವಾದಕ ತನ್ನ ಕೆಲಸದ ಲೆಕ್ಕ ಒಪ್ಪಿಸುತ್ತಾನೆ. ಅನುವಾದ ಮುಗಿದದ್ದು ಜೂನ್ 18ಕ್ಕೆ, ರಾಜ ಮೂರನೇ ರಿಚರ್ಡನ ಆಳ್ವಿಕೆಯ ಎರಡನೇ ವರ್ಷದಲ್ಲಿ. ಅಚ್ಚಾದದ್ದು ಡಿಸೆಂಬರ್ 1ಕ್ಕೆ, ರಾಜ ಏಳನೇ ಹೆನ್ರಿಯ ಆಳ್ವಿಕೆಯ ಮೊದಲನೇ ವರ್ಷದಲ್ಲಿ.

ಒಂದೇ ಉಸಿರಿನಲ್ಲಿ ಇಬ್ಬರು ರಾಜರು. ನಡುವೆ ಏನಾಯಿತು ಅಂತ ಪುಸ್ತಕ ಹೇಳುವುದಿಲ್ಲ. ಆಗಿದ್ದು ಬಾಸ್ವರ್ತ್ ಯುದ್ಧ. ಆಗಸ್ಟ್ 22ರಂದು ರಿಚರ್ಡ್ ಯುದ್ಧಭೂಮಿಯಲ್ಲೇ ಸತ್ತ, ಅವನ ವಂಶದ ಆಳ್ವಿಕೆಯೂ ಅಲ್ಲಿಗೇ ಮುಗಿಯಿತು. ಅದೇ ವರ್ಷ ಅದೇ ಅಂಗಡಿಯಿಂದ ಹೊರಬಂದ ಇನ್ನೊಂದು ಪ್ರೇಮಕಥೆಯ ಅನುವಾದ ಮುಗಿದ ದಿನ ಆಗಸ್ಟ್ 31. ಅಂದರೆ ಯುದ್ಧ ಆಗಿ ಬರೀ ಒಂಬತ್ತು ದಿನ. ದೇಶದಲ್ಲಿ ಏನೇ ಆಗಲಿ, ಈ ಮನುಷ್ಯ ಮೇಜಿನ ಮುಂದೆ ಕೂತು ಫ್ರೆಂಚ್ ಕಥೆಯನ್ನು ಇಂಗ್ಲಿಷಿಗೆ ಇಳಿಸುತ್ತಲೇ ಇದ್ದ.

ಅವನೇ ವಿಲಿಯಂ ಕ್ಯಾಕ್ಸ್ಟನ್. ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಅವನ ಹೆಸರು ಗೊತ್ತು. ಎರಡು ಮಾರ್ಕಿನ ಪ್ರಶ್ನೆ: ಇಂಗ್ಲೆಂಡಿಗೆ ಮುದ್ರಣ ತಂದವನು ಯಾರು? ಉತ್ತರ ಬರೆದು ಮುಂದೆ ಹೋಗುತ್ತೇವೆ. ಅವನು ಏನನ್ನು ಅಚ್ಚು ಹಾಕಿದ, ಯಾಕೆ ಅದನ್ನೇ ಹಾಕಿದ ಅಂತ ಯಾರೂ ಕೇಳುವುದಿಲ್ಲ. ನನಗೂ ಈ ಕುತೂಹಲ ಹುಟ್ಟಿದ್ದು ತಡವಾಗಿ, ಸುಮ್ನೆ ರಾತ್ರಿ ಹೊತ್ತು ಹಳೇ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ತಿರುವಿಹಾಕುವ ಚಟ ಅಂಟಿಕೊಂಡ ಮೇಲೆ. ಒಮ್ಮೆ ಇವನ ಮುನ್ನುಡಿಗಳನ್ನು ಓದಲು ಶುರು ಮಾಡಿದರೆ ಬಿಡುವುದು ಕಷ್ಟ. ಕಥೆಗಳಿಗಿಂತ ಮುನ್ನುಡಿಗಳೇ ಚೆನ್ನಾಗಿವೆ ಅನ್ನಿಸಿದ್ದೂ ಉಂಟು.

ಕ್ಯಾಕ್ಸ್ಟನ್ ಮೂಲತಃ ಬಟ್ಟೆ ವ್ಯಾಪಾರಿ. ಕೆಂಟ್ ಪ್ರಾಂತ್ಯದ ವೀಲ್ಡ್ ಅನ್ನುವ ಕಡೆ ಹುಟ್ಟಿದವನು. ಲಂಡನ್ನಿನ ದೊಡ್ಡ ವ್ಯಾಪಾರಿ ರಾಬರ್ಟ್ ಲಾರ್ಜ್ ಹತ್ತಿರ ಕೆಲಸ ಕಲಿತ. ಆಮೇಲೆ ಈಗಿನ ಬೆಲ್ಜಿಯಂನಲ್ಲಿರುವ ಬ್ರೂಜ್ ನಗರಕ್ಕೆ ಹೋಗಿ ಅಲ್ಲಿನ ಇಂಗ್ಲಿಷ್ ವ್ಯಾಪಾರಿಗಳ ಮುಖ್ಯಸ್ಥನಾದ. ಆಗ ಬ್ರೂಜ್ ಬರ್ಗಂಡಿ ಡ್ಯೂಕರ ಕೈಯಲ್ಲಿತ್ತು. ಇಡೀ ಯುರೋಪಿನಲ್ಲಿ ಆ ಆಸ್ಥಾನದಷ್ಟು ಶೋಕಿ ಇನ್ನೆಲ್ಲೂ ಇರಲಿಲ್ಲ. ಅಲ್ಲಿನವರಿಗೆ ಫ್ರೆಂಚ್ ವೀರಕಥೆಗಳೆಂದರೆ ಪ್ರಾಣ. ಇವನ್ನು ರೊಮಾನ್ಸ್ ಅಂತ ಕರೆದರೂ ಈಗಿನ ಪ್ರೇಮ ಕಾದಂಬರಿಗಳ ಹಾಗಲ್ಲ. ಕತ್ತಿ, ಕುದುರೆ, ಕೋಟೆ, ಮಾಯಾವಿ, ಸೆರೆಮನೆ, ಸಮುದ್ರಯಾನ ಎಲ್ಲಾ ಇರುತ್ತೆ, ಪ್ರೇಮ ಅದರ ನಡುವೆ ಎಲ್ಲೋ. 12ನೇ ಶತಮಾನದಿಂದ ಪದ್ಯದಲ್ಲಿ ಹಾಡಿಕೊಂಡು ಬಂದ ಈ ಕಥೆಗಳು ಕ್ಯಾಕ್ಸ್ಟನ್ ಕಾಲಕ್ಕೆ ದಪ್ಪ ದಪ್ಪ ಗದ್ಯ ಗ್ರಂಥಗಳಾಗಿದ್ದವು.

1469ರ ಮಾರ್ಚ್ 1ರಂದು ಅವನು ಟ್ರಾಯ್ ನಗರದ ಕಥೆಯನ್ನು ಅನುವಾದಿಸಲು ಕೂತ. ಮೂಲ ಬರೆದವನು ರಾವುಲ್ ಲಫೆವ್ರ್, ಬರ್ಗಂಡಿ ಆಸ್ಥಾನದವನು. ಕೈಯಲ್ಲಿ ದೊಡ್ಡ ಕೆಲಸ ಇರಲಿಲ್ಲ, ಸೋಮಾರಿಯಾಗಿ ಕೂರಬಾರದು ಅಂತ ಶುರು ಮಾಡಿದೆ ಅನ್ನುತ್ತಾನೆ. ಐದಾರು ಕಟ್ಟು ಕಾಗದ ತುಂಬುವಷ್ಟರಲ್ಲಿ ಧೈರ್ಯ ಕುಸಿಯಿತು. ನಾನು ಫ್ರಾನ್ಸನ್ನು ನೋಡಿದವನೇ ಅಲ್ಲ, ನನ್ನ ಇಂಗ್ಲಿಷೋ ಕೆಂಟ್ ಹಳ್ಳಿಯ ಒರಟು ಇಂಗ್ಲಿಷ್, ಇದು ನನ್ನಿಂದಾಗದು ಅಂತ ಬಿಟ್ಟುಬಿಟ್ಟ. ಎರಡು ವರ್ಷ ಅದು ಮೂಲೆಯಲ್ಲಿ ಬಿದ್ದಿತ್ತು. ಅಷ್ಟರಲ್ಲಿ ಅವನು ಬರ್ಗಂಡಿಯ ಡಚೆಸ್ ಮಾರ್ಗರೆಟ್ ಬಳಿ ಸೇವೆಗೆ ಸೇರಿದ್ದ. ಆಕೆ ಇಂಗ್ಲೆಂಡಿನ ರಾಜ ನಾಲ್ಕನೇ ಎಡ್ವರ್ಡನ ತಂಗಿ. ಮಾತಿಗೆ ಮಾತು ಬಂದು ಅನುವಾದದ ಸುದ್ದಿ ಹೊರಬಿತ್ತು. ತಂದು ತೋರಿಸು ಅಂದಳು. ನೋಡಿದಳು, ಇಂಗ್ಲಿಷಿನಲ್ಲಿ ತಪ್ಪು ಹುಡುಕಿದಳು, ತಿದ್ದು ಅಂದಳು, ಉಳಿದದ್ದನ್ನು ಮುಗಿಸು ಅಂತ ಅಪ್ಪಣೆ ಮಾಡಿದಳು. ಅವನು ಮುಗಿಸಿದ್ದು 1471ರ ಸೆಪ್ಟೆಂಬರ್ 19ಕ್ಕೆ, ಕಲೋನ್ ನಗರದಲ್ಲಿ.

ಪ್ರತಿಗಳು ಬೇಕು ಅಂತ ಕೇಳುವವರು ಜಾಸ್ತಿಯಾದರು. ಎಷ್ಟು ಅಂತ ಕೈಯಲ್ಲಿ ನಕಲು ಮಾಡುವುದು? ಪುಸ್ತಕದ ಕೊನೆಗೆ ಬಂದಾಗ ಅವನು ಗೋಳು ತೋಡಿಕೊಳ್ಳುತ್ತಾನೆ. ಲೇಖನಿ ಸವೆದಿದೆ, ಕೈ ನಡುಗುತ್ತಿದೆ, ಬಿಳಿ ಕಾಗದ ನೋಡೀ ನೋಡೀ ಕಣ್ಣು ಮಂಜಾಗಿದೆ, ವಯಸ್ಸು ದಿನದಿನಕ್ಕೂ ಮೇಲೇರುತ್ತಿದೆ. ಅದಕ್ಕೇ ನಾನು ಬಹಳ ಖರ್ಚು ಮಾಡಿ ಅಚ್ಚಿನ ವಿದ್ಯೆ ಕಲಿತೆ ಅನ್ನುತ್ತಾನೆ. ಈ ಪುಸ್ತಕದ ಎಲ್ಲಾ ಪ್ರತಿಗಳೂ ಒಂದೇ ದಿನ ಶುರುವಾಗಿ ಒಂದೇ ದಿನ ಮುಗಿದವು ಅಂತ ಓದುಗರಿಗೆ ವಿವರಿಸುತ್ತಾನೆ. ಒಂದು ಪುಸ್ತಕ ಬರೆದು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಕಾಲದಲ್ಲಿ ಇದು ಎಂಥ ವಿಚಿತ್ರ ಸುದ್ದಿ! ಬ್ರೂಜ್‌ನಲ್ಲಿ 1473–74ರ ಸುಮಾರಿಗೆ ಅಚ್ಚಾದ ಈ ಟ್ರಾಯ್ ಕಥೆಯೇ ಇಂಗ್ಲಿಷಿನಲ್ಲಿ ಮುದ್ರಣವಾದ ಮೊಟ್ಟಮೊದಲ ಪುಸ್ತಕ. ಬೈಬಲ್ ಅಲ್ಲ, ಇಂಗ್ಲಿಷ್ ಕವಿ ಚಾಸರ್ ಅಲ್ಲ. ಫ್ರೆಂಚಿನಿಂದ ಬಂದ ಒಂದು ಕಥೆ.

1476ರಲ್ಲಿ ಅವನು ಇಂಗ್ಲೆಂಡಿಗೆ ಮರಳಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಆವರಣದಲ್ಲಿ ಅಂಗಡಿ ಹಾಕಿದ. ಮುಂದಿನ ವರ್ಷದ ಹೊತ್ತಿಗೆ ಲಫೆವ್ರ್‌ನ ಇನ್ನೊಂದು ಕಥೆ ಬಂತು. ಜೇಸನ್ ಚಿನ್ನದ ಉಣ್ಣೆ ತಂದ ಕಥೆ. ನಿಜ ಹೇಳಬೇಕೆಂದರೆ ಪುಸ್ತಕ ಬೇಸರ ತರಿಸುತ್ತೆ. ಆದರೆ ಮುನ್ನುಡಿಯಲ್ಲಿ ಒಂದು ಜಾಗ ಇದೆ, ಅದಕ್ಕಾಗಿಯಾದರೂ ತೆರೆಯಬೇಕು. ಡ್ಯೂಕ್ ಫಿಲಿಪ್ 1430ರಲ್ಲಿ ಚಿನ್ನದ ಉಣ್ಣೆಯ ಹೆಸರಿನಲ್ಲೇ ವೀರರ ಸಂಘ ಕಟ್ಟಿದ್ದ. ಎದಾಂ ಎಂಬಲ್ಲಿನ ಕೋಟೆಯ ಒಂದು ಕೋಣೆಯ ಗೋಡೆಗಳ ಮೇಲೆ ಜೇಸನ್ ಕಥೆ ಬರೆಸಿದ್ದ. ಕಥೆಯಲ್ಲಿ ಮೀಡಿಯಾ ಮಾಟಗಾತಿ ಅಲ್ವಾ, ಅವಳ ನೆನಪಿಗೆ ಆ ಕೋಣೆಯೊಳಗೆ ಯಂತ್ರಗಳನ್ನೂ ಇಡಿಸಿದ್ದ. ಡ್ಯೂಕ್ ಮನಸ್ಸು ಮಾಡಿದಾಗ ಕೋಣೆಯೊಳಗೇ ಮಿಂಚು, ಗುಡುಗು, ಹಿಮ, ಮಳೆ! ನಾನೇ ಆ ಕೋಣೆಯಲ್ಲಿ ನಿಂತು ನೋಡಿದ್ದೇನೆ ಅನ್ನುತ್ತಾನೆ ಕ್ಯಾಕ್ಸ್ಟನ್. ಆ ಕೋಟೆಯ ಹಳೇ ಲೆಕ್ಕಪತ್ರಗಳಲ್ಲಿ ಇನ್ನೂ ತಮಾಷೆಯ ವಿವರಗಳಿವೆ. ಬಂದ ಅತಿಥಿಗಳ ಮೇಲೆ ನೀರು ಚಿಮ್ಮಿಸುವ ಕೊಳವೆ, ಹಿಟ್ಟು ಸುರಿಸುವ ಯಂತ್ರ ಇತ್ಯಾದಿ. 1553ರಲ್ಲಿ ಆ ಊರನ್ನೇ ನೆಲಸಮ ಮಾಡಿದರು. ಈಗ ನೋಡಲು ಏನೂ ಇಲ್ಲ. ಬಟ್ಟೆ ವ್ಯಾಪಾರಿಯೊಬ್ಬ ಬಾಯಿ ಬಿಟ್ಟುಕೊಂಡು ಕೃತಕ ಮಳೆ ನೋಡುತ್ತಾ ನಿಂತದ್ದು ಮಾತ್ರ ಅಚ್ಚಿನಲ್ಲಿ ಉಳಿದಿದೆ.

ಈಗ ನನ್ನನ್ನು ಕಾಡಿದ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನ ದೊಡ್ಡ ಮನೆತನದವರಿಗೆ ಫ್ರೆಂಚ್ ಬರುತ್ತಿತ್ತು. ಅವರ ಮನೆಗಳಲ್ಲಿ ಈ ಕಥೆಗಳ ಫ್ರೆಂಚ್ ಪ್ರತಿಗಳೇ ಇದ್ದವು. ಮತ್ತೆ ಅನುವಾದ ಯಾರಿಗೆ?

ಬ್ಲಾಂಚಾರ್ಡಿನ್ ಮತ್ತು ಎಗ್ಲಂಟೀನ್ ಅನ್ನುವ ಪುಸ್ತಕದ ವಿಷಯವನ್ನೇ ನೋಡಿ. 1489ರ ಸುಮಾರಿನದು. ಅರ್ಪಣೆ ಲೇಡಿ ಮಾರ್ಗರೆಟ್ ಬೋಫರ್ಟ್‌ಗೆ. ಆಕೆ ಏಳನೇ ಹೆನ್ರಿಯ ತಾಯಿ. ಕ್ಯಾಕ್ಸ್ಟನ್ ಹೇಳುವುದೇನೆಂದರೆ, ಈ ಕಥೆಯ ಫ್ರೆಂಚ್ ಪ್ರತಿಯನ್ನು ಬಹಳ ಹಿಂದೆ ಆಕೆಗೆ ಮಾರಿದವನು ನಾನೇ. ಈಗ ಆಕೆ ಅದೇ ಪ್ರತಿಯನ್ನು ನನಗೆ ಕೊಟ್ಟು ಇಂಗ್ಲಿಷಿಗೆ ತಾ ಅಂದಿದ್ದಾಳೆ. ಮಾರಿದ ಮಾಲು ತಿರುಗಿ ಬಂದು ಹೊಸ ಮಾಲಾಗಿ ಮತ್ತೆ ಮಾರಾಟಕ್ಕೆ! ಆಕೆಗೆ ಫ್ರೆಂಚ್ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಮುಂದೆ ತಾನೇ ಒಂದು ಧಾರ್ಮಿಕ ಪುಸ್ತಕವನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ತಂದಳು. ಹಾಗಾಗಿ ಅನುವಾದ ಆಕೆಯ ಓದಿಗಲ್ಲ. ಆಕೆಯ ಹೆಸರು ಮುನ್ನುಡಿಯಲ್ಲಿದ್ದರೆ ಬೇರೆಯವರು ಕೊಳ್ಳುತ್ತಾರೆ. ವಕೀಲರು, ವ್ಯಾಪಾರಿಗಳು, ಅವರ ಹೆಂಡತಿಯರು, ಮಕ್ಕಳು. ರಾಜಮಾತೆ ಓದಿದ ಕಥೆ ನಮ್ಮ ಮನೆಯಲ್ಲೂ ಇರಲಿ ಅನ್ನುವವರು.

ಇದರ ಹಿಂದೆ ಲೆಕ್ಕಾಚಾರವೂ ಇತ್ತು. ಲ್ಯಾಟಿನ್ ಪುಸ್ತಕಗಳು ವೆನಿಸ್, ಕಲೋನ್, ಪ್ಯಾರಿಸ್ ಕಡೆಯಿಂದ ಪೀಪಾಯಿಗಳಲ್ಲಿ ತುಂಬಿ ಇಂಗ್ಲೆಂಡಿಗೆ ಬರುತ್ತಿದ್ದವು. 1484ರಲ್ಲಿ ವಿದೇಶಿ ವ್ಯಾಪಾರಿಗಳ ಮೇಲೆ ನಿರ್ಬಂಧ ಹೇರಿದ ಕಾನೂನು ಪುಸ್ತಕಗಳಿಗೆ ಮಾತ್ರ ವಿನಾಯ್ತಿ ಕೊಟ್ಟಿತು. ಆ ದೊಡ್ಡ ಅಚ್ಚುಮನೆಗಳ ಜೊತೆ ಗುದ್ದಾಡಲು ಕ್ಯಾಕ್ಸ್ಟನ್‌ಗೆ ಆಗುತ್ತಿರಲಿಲ್ಲ. ಕಾಗದವನ್ನೇ ಸಮುದ್ರದಾಚೆಯಿಂದ ತರಿಸಬೇಕಿತ್ತು. ಇಂಗ್ಲೆಂಡಿನ ಮೊದಲ ಕಾಗದದ ಗಿರಣಿ, ಹರ್ಟ್‌ಫರ್ಡಿನ ಜಾನ್ ಟೇಟ್‌ನದು, ಶುರುವಾಗಿದ್ದು ಕ್ಯಾಕ್ಸ್ಟನ್ ಸತ್ತ ಮೇಲೆ. ಆದರೆ ಇಂಗ್ಲಿಷ್ ಓದುವವರು ಆ ದ್ವೀಪ ಬಿಟ್ಟರೆ ಇನ್ನೆಲ್ಲಿ? ಸಂತೆಗೆ ಬಂದ ಜಾಣ ವ್ಯಾಪಾರಿ ಪಕ್ಕದ ಅಂಗಡಿಯಲ್ಲಿ ಇಲ್ಲದ ಸರಕನ್ನೇ ಇಡುತ್ತಾನೆ. ಕ್ಯಾಕ್ಸ್ಟನ್ ಮಾಡಿದ್ದೂ ಅಷ್ಟೇ. ಅನುವಾದಕನೂ ತಾನೇ ಆದ್ದರಿಂದ ಆ ಖರ್ಚೂ ಇಲ್ಲ. ನೂರಕ್ಕೂ ಹೆಚ್ಚು ಪ್ರಕಟಣೆಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಅವನೇ ಅನುವಾದಿಸಿದವು. ಇಷ್ಟಾದರೂ ಅವನನ್ನು ಬರೀ ಲಾಭಕೋರ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬರೀ ದುಡ್ಡಿಗಾಗಿ ಯಾರೂ ಕಣ್ಣು ಮಂಜಾಗುವ ತನಕ ಶಾರ್ಲಮೇನನ ಕಥೆ ಅನುವಾದಿಸುವುದಿಲ್ಲ.

ಅವನಿಗೆ ವೀರರ ಬಗ್ಗೆ ನಿಜವಾದ ಹುಚ್ಚಿತ್ತು. 1484ರ ಸುಮಾರಿನ ಒಂದು ಪುಸ್ತಕದ ಕೊನೆಯಲ್ಲಿ ಇಂಗ್ಲೆಂಡಿನ ನೈಟ್‌ಗಳಿಗೆ, ಅಂದರೆ ಕುದುರೆಯೇರಿ ಕಾದುವ ವೀರರಿಗೆ, ಚೆನ್ನಾಗಿ ಬೈಯ್ಯುತ್ತಾನೆ. ಈಗ ನೀವು ಮಾಡುವುದೇನು, ಸ್ನಾನದ ಮನೆಗಳಿಗೆ ಹೋಗುವುದು, ಪಗಡೆ ಆಡುವುದು. ಬಿಡಿ ಅದನ್ನ, ಆರ್ಥರ್ ರಾಜನ ವೀರರಾದ ಲ್ಯಾನ್ಸೆಲಾಟ್, ಗ್ಯಾಲಹಾಡ್, ಪರ್ಸಿವಲ್ ಕಥೆ ಓದಿ! ಆ ಪುಸ್ತಕದ ಅರ್ಪಣೆ ಮೂರನೇ ರಿಚರ್ಡನಿಗೆ. ಐದು ವರ್ಷ ಕಳೆಯುವಷ್ಟರಲ್ಲಿ ರಿಚರ್ಡನನ್ನು ಸೋಲಿಸಿದವನ ತಾಯಿಗೆ ಇನ್ನೊಂದು ಅರ್ಪಣೆ. ಬಾಸ್ವರ್ತ್‌ನಲ್ಲಿ ಹೆನ್ರಿಯ ಮುಂಚೂಣಿ ಸೈನ್ಯ ನಡೆಸಿದ ಆಕ್ಸ್‌ಫರ್ಡ್‌ನ ಅರ್ಲ್‌ಗಾಗಿ (ಅರ್ಲ್ ಅಂದರೆ ದೊಡ್ಡ ಜಹಗೀರುದಾರ) ಮತ್ತೊಂದು. ಗಾಳಿ ಬಂದ ಕಡೆ ತೂರಿಕೊಂಡ ಅಂತ ಬೈಯ್ಯಬಹುದು. ನಾನಂತೂ ಬೈಯ್ಯುವುದಿಲ್ಲ. ಅವನ ಹಳೇ ಆಶ್ರಯದಾತ ಅರ್ಲ್ ರಿವರ್ಸ್‌ನ ತಲೆಯನ್ನು 1483ರಲ್ಲಿ ಕಡಿದಿದ್ದರು. ಅಂಥ ಕಾಲದಲ್ಲಿ ಅಂಗಡಿಯ ಬಾಗಿಲು ತೆರೆದಿಟ್ಟುಕೊಂಡದ್ದೇ ಸಾಹಸ.

ಜುಲೈ 31, 1485ರಂದು ಮುಗಿದದ್ದು ಎಲ್ಲರಿಗೂ ಗೊತ್ತಿರುವ ಪುಸ್ತಕ, ಥಾಮಸ್ ಮ್ಯಾಲರಿಯ ಆರ್ಥರ್ ರಾಜನ ಕಥೆ. ಇದನ್ನು ಇಂಗ್ಲಿಷಿಗೆ ತಂದವನು ಕ್ಯಾಕ್ಸ್ಟನ್ ಅಲ್ಲ, ಮ್ಯಾಲರಿ. ಅವನು ತನ್ನನ್ನು ಸೆರೆಯಲ್ಲಿರುವ ನೈಟ್ ಅಂತ ಕರೆದುಕೊಳ್ಳುತ್ತಾನೆ. ಫ್ರೆಂಚಿನ ಹಲವು ಗ್ರಂಥಗಳನ್ನು ಕಲಸಿ, ಕತ್ತರಿಸಿ, ಜೊತೆಗೆ ಇಂಗ್ಲಿಷ್ ಪದ್ಯಗಳನ್ನೂ ಸೇರಿಸಿ ಬರೆದ. ಮಾತುಮಾತಿಗೂ 'ಫ್ರೆಂಚ್ ಪುಸ್ತಕ ಹೀಗೆ ಹೇಳುತ್ತೆ' ಅನ್ನುತ್ತಾನೆ, ಫ್ರೆಂಚ್ ಪುಸ್ತಕ ಹಾಗೆ ಹೇಳದೇ ಇರುವಲ್ಲಿ ಕೂಡ! ಈ ಪುಸ್ತಕದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಜಾಸ್ತಿ ಹೇಳುವುದಿಲ್ಲ. ಮುನ್ನುಡಿಯದೊಂದು ಮಾತು ಸಾಕು. ಆರ್ಥರ್ ಅನ್ನುವವನು ಇರಲೇ ಇಲ್ಲ ಅಂತ ಕೆಲವರು ವಾದಿಸುತ್ತಾರೆ, ಅವರಿಗೆ ಉತ್ತರ ಅಂತ ಕ್ಯಾಕ್ಸ್ಟನ್ ಪುರಾವೆಗಳ ಪಟ್ಟಿ ಕೊಡುತ್ತಾನೆ. ಡೋವರ್ ಕೋಟೆಯಲ್ಲಿ ಆರ್ಥರನ ವೀರ ಗಾವೇನನ ತಲೆಬುರುಡೆ ಇದೆ. ವಿಂಚೆಸ್ಟರಿನಲ್ಲಿ ಆರ್ಥರ್ ತನ್ನ ವೀರರ ಜೊತೆ ಕೂರುತ್ತಿದ್ದ ದುಂಡುಮೇಜು ಇದೆ. ಆ ಮೇಜು ಈಗಲೂ ಗೋಡೆಗೆ ತೂಗುಹಾಕಿಕೊಂಡಿದೆ, ಪರೀಕ್ಷಿಸಿದವರು 13ನೇ ಶತಮಾನದ ಮರ ಅನ್ನುತ್ತಾರೆ. ಇಷ್ಟೆಲ್ಲಾ ವಾದ ಮಾಡಿ ಕೊನೆಗೆ ಅವನು ಮೆಲ್ಲಗೆ ಜಾರಿಕೊಳ್ಳುತ್ತಾನೆ: ಇದರಲ್ಲಿರುವುದೆಲ್ಲಾ ನಿಜ ಅಂತ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆ ವರ್ಷದ ಮೂರು ಕಥೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೇರೆ. ಡಿಸೆಂಬರ್ 19ಕ್ಕೆ ಅಚ್ಚಾದ ಪ್ಯಾರಿಸ್ ಮತ್ತು ವಿಯೆನ್. ಮೊದಲೇ ಹೇಳಿಬಿಡ್ತೀನಿ, ಇವು ಊರುಗಳಲ್ಲ. ಪ್ಯಾರಿಸ್ ಹುಡುಗ, ವಿಯೆನ್ ಹುಡುಗಿ. ಅವಳು ಆ ಸೀಮೆಯ ದೊರೆಯ ಮಗಳು, ಅವನು ಅದೇ ದೊರೆಯ ಕೈಕೆಳಗಿನ ಸಣ್ಣ ಜಹಗೀರುದಾರನ ಮಗ. ಓಡಿಹೋಗುತ್ತಾರೆ. ಮಳೆಗೆ ಹೊಳೆ ತುಂಬಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅವನು ತಪ್ಪಿಸಿಕೊಂಡು ಜಿನೋವಾಕ್ಕೆ, ಅವಳು ಸೆರೆಮನೆಗೆ. ಪ್ಯಾರಿಸನ ಗೆಳೆಯ ಎಡ್ವರ್ಡ್ ಎಂಥವನೆಂದರೆ, ಸೆರೆಮನೆಯ ಪಕ್ಕದಲ್ಲೇ ಒಂದು ಪ್ರಾರ್ಥನಾ ಮಂದಿರ ಕಟ್ಟಿಸಿ, ಅದರೊಳಗಿನಿಂದ ಗುಟ್ಟಾಗಿ ಗುಂಡಿ ತೋಡಿ ಅವಳಿಗೆ ಊಟ ಮುಟ್ಟಿಸುತ್ತಾನೆ. ಗೆಳೆಯ ಅಂದರೆ ಹೀಗಿರಬೇಕು.

ಅಪ್ಪ ಬರ್ಗಂಡಿ ಡ್ಯೂಕನ ಮಗನನ್ನು ಮದುವೆಗೆ ಗೊತ್ತು ಮಾಡುತ್ತಾನೆ. ವರ ಮತ್ತು ಬಿಷಪ್ ಇಬ್ಬರೂ ಸೆರೆಮನೆಗೇ ಬರುತ್ತಾರೆ. ವಿಯೆನ್ ಏನು ಮಾಡುತ್ತಾಳೆ ಗೊತ್ತಾ? ಕೋಳಿಯ ಎರಡು ತುಂಡುಗಳನ್ನು ಎರಡೂ ಕಂಕುಳಲ್ಲಿ ಇಟ್ಟುಕೊಂಡು ಕೊಳೆಯಲು ಬಿಡುತ್ತಾಳೆ. ಹತ್ತಿರ ಬಂದವರಿಗೆ ತಡೆಯಲಾರದ ನಾತ. ನನ್ನ ಮೈಯೇ ಕೊಳೆಯುತ್ತಿದೆ, ನಾನು ಮದುವೆಗೆ ಲಾಯಕ್ಕಲ್ಲ ಅನ್ನುತ್ತಾಳೆ. ಬಿಷಪ್ಪನೂ ವರನೂ ಮೂಗು ಮುಚ್ಚಿಕೊಂಡು ಹೊರಡುತ್ತಾರೆ. ಮಧ್ಯಯುಗದ ನಾಯಕಿ ಅಂದರೆ ಗೋಪುರದ ಕಿಟಕಿಯಲ್ಲಿ ಕರವಸ್ತ್ರ ಬೀಸುವವಳು ಅಂದುಕೊಂಡಿದ್ದರೆ ಇವಳನ್ನು ನೋಡಬೇಕು. ಕಥೆಯ ಗಂಡಸರು ಪಂದ್ಯಗಳಲ್ಲಿ ಈಟಿ ಮುರಿಯುವುದು ಮರೆತುಹೋಗುತ್ತೆ, ಈ ಕೋಳಿ ಮರೆಯುವುದಿಲ್ಲ. ಪ್ಯಾರಿಸ್ ಪೂರ್ವದೇಶಗಳಲ್ಲಿ ಅಲೆದು, ಗಡ್ಡ ಬಿಟ್ಟು, ಅಲ್ಲಿನವರ ಹಾಗೇ ಬಟ್ಟೆ ತೊಟ್ಟು, ಸುಲ್ತಾನನ ಕಾಯಿಲೆ ಬಿದ್ದ ಗಿಡುಗವನ್ನು ಗುಣಪಡಿಸಿ ದೊಡ್ಡವನಾಗುತ್ತಾನೆ. ಅಲ್ಲಿ ಸೆರೆ ಸಿಕ್ಕ ಹುಡುಗಿಯ ಅಪ್ಪನನ್ನೇ ಬಿಡಿಸಿ ತರುತ್ತಾನೆ. ಮುಂದಿನದು ನಿಮಗೇ ಗೊತ್ತು.

ನಾಲ್ಕೈದು ವರ್ಷಗಳ ನಂತರ ಬಂದ ಏಮನನ ನಾಲ್ಕು ಮಕ್ಕಳ ಕಥೆ ಇದಕ್ಕಿಂತ ದೊಡ್ಡದು, ಇದಕ್ಕಿಂತ ಕತ್ತಲೆಯದು. ಆಕ್ಸ್‌ಫರ್ಡ್ ಅರ್ಲ್ ಕೇಳಿಕೊಂಡ ಪುಸ್ತಕ ಅಂದೆನಲ್ಲ, ಅದು ಇದೇ. ಶಾರ್ಲಮೇನನ ಆಸ್ಥಾನದಲ್ಲಿ ಚದುರಂಗ ಆಡುವಾಗ ಜಗಳ ಹತ್ತುತ್ತೆ. ಚಕ್ರವರ್ತಿಯ ಹತ್ತಿರದ ಸಂಬಂಧಿಯೊಬ್ಬ, ಆ ನಾಲ್ವರಲ್ಲಿ ಒಬ್ಬನಾದ ರೆನಾಡ್‌ನ ಮುಖಕ್ಕೆ ಹೊಡೆಯುತ್ತಾನೆ. ರೆನಾಡ್ ಚದುರಂಗದ ಹಲಗೆಯನ್ನೇ ಎತ್ತಿ ಅವನ ತಲೆಗೆ ಬಡಿದು ಕೊಲ್ಲುತ್ತಾನೆ. ಅಲ್ಲಿಂದ ನಾಲ್ಕೂ ಅಣ್ಣತಮ್ಮಂದಿರ ಪಾಡು ಓಟವೇ ಓಟ. ನಾಲ್ವರನ್ನೂ ಒಟ್ಟಿಗೆ ಹೊರುವ ಬೇಯರ್ಡ್ ಅನ್ನುವ ಕುದುರೆ. ಮಾಟ ಬಲ್ಲ ದಾಯಾದಿ ಮೌಗಿಸ್. ಅಪ್ಪ ಏಮನ್ ಚಕ್ರವರ್ತಿಗೆ ಮಾತು ಕೊಟ್ಟು ಮಕ್ಕಳ ವಿರುದ್ಧವೇ ನಿಂತಿದ್ದಾನೆ. ಕೋಟೆಗೆ ಮುತ್ತಿಗೆ ಬಿದ್ದು ಒಳಗೆ ಮಕ್ಕಳು ಹಸಿದಾಗ, ಕಲ್ಲು ಎಸೆಯುವ ಯಂತ್ರದಲ್ಲಿ ಕಲ್ಲಿನ ಬದಲು ಮಾಂಸ ಇಟ್ಟು ಒಳಗೆ ಹಾರಿಸುತ್ತಾನೆ. ಆ ಅಪ್ಪನ ಸಂಕಟಕ್ಕೆ ಕಥೆಗಾರ ಒಂದು ಮಾತೂ ಜಾಸ್ತಿ ಖರ್ಚು ಮಾಡುವುದಿಲ್ಲ, ಮಾಂಸ ಹಾರಿ ಬಂದದ್ದನ್ನು ಮಾತ್ರ ಹೇಳುತ್ತಾನೆ. ಅದೂ ಮುಗಿದಾಗ ಬೇಯರ್ಡ್ ಕುದುರೆಯ ರಕ್ತ ತೆಗೆದು ಅದರಲ್ಲಿ ಜೀವ ಹಿಡಿಯುತ್ತಾರೆ. ಕೊಲ್ಲಲು ಮನಸ್ಸು ಬರುವುದಿಲ್ಲ.

ಕೊನೆಗೆ ಸಂಧಿ ಆಗುತ್ತೆ. ಷರತ್ತು: ಕುದುರೆಯನ್ನು ಒಪ್ಪಿಸಬೇಕು. ರೆನಾಡ್ ಒಪ್ಪಿಸುತ್ತಾನೆ. ಶಾರ್ಲಮೇನ್ ಅದರ ಕೊರಳಿಗೆ ಬೀಸುಕಲ್ಲು ಕಟ್ಟಿಸಿ ಸೇತುವೆ ಮೇಲಿಂದ ಹೊಳೆಗೆ ನೂಕಿಸುತ್ತಾನೆ. ಬೇಯರ್ಡ್ ಮುಳುಗಿ, ಮೇಲೆದ್ದು, ಕಲ್ಲನ್ನು ಒದ್ದು ಒಡೆದು, ದಡ ಹತ್ತಿ ಆರ್ಡೆನ್ ಕಾಡು ಸೇರುತ್ತೆ. ಚಕ್ರವರ್ತಿಯ ಸೇನೆಯೆಲ್ಲಾ ನೋಡುತ್ತಾ ನಿಂತಿರುತ್ತೆ. ಓದುವಾಗ ಚಪ್ಪಾಳೆ ತಟ್ಟಬೇಕು ಅನ್ನಿಸುತ್ತೆ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ರೆನಾಡ್ ಎಲ್ಲವನ್ನೂ ಮಕ್ಕಳಿಗೆ ಬಿಟ್ಟು, ಬಡವನ ಬಟ್ಟೆ ತೊಟ್ಟು, ಹೇಳದೆ ಕೇಳದೆ ಮನೆ ಬಿಡುತ್ತಾನೆ. ಕಲೋನ್‌ನಲ್ಲಿ ಸಂತ ಪೀಟರನ ಚರ್ಚು ಕಟ್ಟುತ್ತಿರುತ್ತಾರೆ, ಅಲ್ಲಿ ಕಲ್ಲು ಹೊರುವ ಕೂಲಿಯಾಗುತ್ತಾನೆ. ಹಲವರ ಕೆಲಸ ಒಬ್ಬನೇ ಮಾಡುತ್ತಾನೆ, ಊಟಕ್ಕಾಗುವಷ್ಟು ಕಾಸು ಮಾತ್ರ ತೆಗೆದುಕೊಳ್ಳುತ್ತಾನೆ. ಉಳಿದ ಕೂಲಿಗಳಿಗೆ ಹೊಟ್ಟೆ ಉರಿ. ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಇವನು ಇಷ್ಟಕ್ಕೇ ಇಷ್ಟು ಮಾಡಿದರೆ ನಮ್ಮ ಗತಿ ಏನು? ಮಲಗಿದ್ದಾಗ ಸುತ್ತಿಗೆಯಿಂದ ಹೊಡೆದು ಸಾಯಿಸಿ, ಚೀಲದಲ್ಲಿ ತುಂಬಿ ರೈನ್ ನದಿಗೆ ಎಸೆಯುತ್ತಾರೆ. ನದಿಯ ಮೀನುಗಳೆಲ್ಲಾ ಕೂಡಿ ಹೆಣವನ್ನು ನೀರಿನ ಮೇಲೆ ಎತ್ತಿ ಹಿಡಿಯುತ್ತವೆ. ಚಕ್ರವರ್ತಿಯ ಎದುರು ವರ್ಷಗಟ್ಟಲೆ ಕಾದಾಡಿದ ವೀರ ಸತ್ತದ್ದು ಕೂಲಿ ದರದ ಜಗಳದಲ್ಲಿ!

ಕ್ಯಾಕ್ಸ್ಟನ್ 1491ರ ಹೊತ್ತಿಗೆ ತೀರಿಕೊಂಡ. ಅವನ ಕೈಕೆಳಗಿದ್ದ ವಿಂಕಿನ್ ಡಿ ವರ್ಡ್ ಅಂಗಡಿ ಮುಂದುವರಿಸಿದ. ಅವನು ಅನುವಾದಕ ಅಲ್ಲ, ಪಕ್ಕಾ ವ್ಯಾಪಾರಿ. 1500ರ ಸುಮಾರಿಗೆ ವೆಸ್ಟ್‌ಮಿನ್‌ಸ್ಟರ್ ಬಿಟ್ಟು ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ಗೆ ಬಂದ. ಪುಸ್ತಕಗಳಿಗೆ ಚಿತ್ರ ಸೇರಿಸಿದ. ಮರದ ಅಚ್ಚಿನ ಚಿತ್ರಗಳವು. ಒಂದೇ ಅಚ್ಚನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಬಳಸುತ್ತಿದ್ದ. ಈ ಕಥೆಯಲ್ಲಿ ಒಬ್ಬ ರಾಜಕುಮಾರನಾಗಿದ್ದವನು ಮುಂದಿನ ಕಥೆಯಲ್ಲಿ ಇನ್ನೊಬ್ಬ. ಕೊಳ್ಳುವವರು ತಲೆ ಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ. ರಾಬರ್ಟ್ ಕೋಪ್ಲಂಡ್, ಹೆನ್ರಿ ವಾಟ್ಸನ್ ಎಂಬಿಬ್ಬರು ಅವನಿಗಾಗಿ ಫ್ರೆಂಚ್ ಕಥೆಗಳನ್ನು ಇಂಗ್ಲಿಷ್ ಮಾಡಿಕೊಟ್ಟರು. ಹಂಸದ ನೈಟ್ ಹೀಲಿಯಸ್, ಕರಡಿಯ ಬಳಿ ಬೆಳೆದ ಆರ್ಸನ್ ಮತ್ತು ಅವನ ಅವಳಿ ವ್ಯಾಲೆಂಟೈನ್, ಹೀಗೆ ಸಾಲು ಸಾಲು. ಪುಸ್ತಕ ಚಿಕ್ಕದಾಯಿತು, ಅಗ್ಗವಾಯಿತು.

ಇದೇ ಹೊತ್ತಿಗೆ ಲಾರ್ಡ್ ಬರ್ನರ್ಸ್ ಎಂಬ ದೊಡ್ಡ ಮನುಷ್ಯ ಬೋರ್ಡೊದ ಹ್ಯೂಆನ್‌ನ ಕಥೆ ಅನುವಾದಿಸಿದ. ಆ ಹ್ಯೂಆನ್‌ಗೆ ಶಾರ್ಲಮೇನ್ ಕೊಡುವ ಶಿಕ್ಷೆ: ಬ್ಯಾಬಿಲೋನಿನ ದೊರೆಯ ಗಡ್ಡದ ಕೂದಲು ಒಂದು ಹಿಡಿ, ಜೊತೆಗೆ ಅವನ ನಾಲ್ಕು ದವಡೆ ಹಲ್ಲು ತರಬೇಕು. ದಾರಿಯಲ್ಲಿ ಕಾಡು. ಕಾಡಿನಲ್ಲಿ ಮೂರಡಿ ಎತ್ತರದ, ಭುಜ ಸೊಟ್ಟಗಿರುವ, ದೇವದೂತನಂಥ ಮುಖದ ಕಿನ್ನರರ ರಾಜ. ಹೆಸರು ಓಬರಾನ್. 1590ರ ದಶಕದಲ್ಲಿ ಶೇಕ್ಸ್‌ಪಿಯರ್ ತನ್ನ ಬೇಸಿಗೆ ರಾತ್ರಿಯ ನಾಟಕಕ್ಕೆ ಈ ಹೆಸರನ್ನೇ ಎತ್ತಿಕೊಂಡ. ಬರ್ನರ್ಸ್ ಅಷ್ಟರಲ್ಲಿ ಸತ್ತು ಆರು ದಶಕ ಆಗಿತ್ತು. 1533ರಲ್ಲಿ, ಕ್ಯಾಲೆಯಲ್ಲಿ, ಮೈತುಂಬಾ ಸಾಲ ಮಾಡಿಕೊಂಡು.

ಪಂಡಿತರಿಗೆ ಈ ಪುಸ್ತಕಗಳನ್ನು ಕಂಡರೆ ಆಗುತ್ತಿರಲಿಲ್ಲ. 1523ರಲ್ಲಿ ವೀವೆಸ್ ಎಂಬ ಸ್ಪೇನಿನ ಪಂಡಿತ ಹೆಂಗಸರ ವಿದ್ಯಾಭ್ಯಾಸದ ಬಗ್ಗೆ ಬರೆಯುತ್ತಾ, ಹೆಣ್ಣುಮಕ್ಕಳ ಕೈಗೆ ಕೊಡಬಾರದ ಪುಸ್ತಕಗಳ ಹೆಸರು ಹೇಳಿದ. ನಮ್ಮ ಪ್ಯಾರಿಸ್ ಮತ್ತು ವಿಯೆನ್ ಅದರಲ್ಲಿದೆ. ಕೋಳಿ ತುಂಡಿನ ಉಪಾಯ ಎಲ್ಲಿ ಕಲಿತುಬಿಡುತ್ತಾರೋ ಅಂತ ಹೆದರಿದನೋ ಏನೋ. 1570ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ರೋಜರ್ ಆಸ್ಕಂ, ಮೊದಲನೇ ಎಲಿಜಬೆತ್ ರಾಣಿಯ ಗುರು, ಆರ್ಥರ್ ಕಥೆಯಲ್ಲಿರುವ ಸುಖವೆಲ್ಲಾ ಎರಡೇ ಎರಡು ಅಂದ: ಹಾಡಹಗಲೇ ಕೊಲೆ, ಎಗ್ಗಿಲ್ಲದ ಹಾದರ.

ಆದರೆ ಓದುವವರು ಓದುತ್ತಲೇ ಇದ್ದರು. 1575ರಲ್ಲಿ ರಾಣಿ ಕೆನಿಲ್‌ವರ್ತ್ ಕೋಟೆಗೆ ಬಂದಾಗ ನಡೆದ ಸಂಭ್ರಮವನ್ನು ವರ್ಣಿಸುವ ಒಂದು ಪತ್ರ ಅಚ್ಚಾಗಿದೆ. ಅದರಲ್ಲಿ ಕಾವೆಂಟ್ರಿಯಿಂದ ಬಂದ ಕ್ಯಾಪ್ಟನ್ ಕಾಕ್ಸ್ ಎಂಬವನ ಚಿತ್ರ ಇದೆ. ಪತ್ರ ಬರೆದವನಿಗೆ ಅವನನ್ನು ಕಂಡರೆ ನಗು. ಈ ಮನುಷ್ಯನ ಹತ್ತಿರ ಎಂತೆಂಥ ಪುಸ್ತಕ ಇವೆ ನೋಡಿ ಅಂತ ಉದ್ದನೆಯ ಪಟ್ಟಿ ಕೊಡುತ್ತಾನೆ. ಆರ್ಥರ್ ರಾಜನ ಪುಸ್ತಕ, ಬೋರ್ಡೊದ ಹ್ಯೂಆನ್, ಏಮನನ ನಾಲ್ಕು ಮಕ್ಕಳು… ರಾಜಕುಮಾರರಿಗೆ, ಅರ್ಲ್‌ಗಳಿಗೆ ಅಂತ ಅರ್ಪಿಸಿದ ಕಥೆಗಳೆಲ್ಲಾ ನೂರು ವರ್ಷಕ್ಕೆ ಇವನ ಮನೆ ಸೇರಿದ್ದವು. ಕಾಕ್ಸ್‌ನ ಕಸುಬು ಏನು ಅಂತ ಪತ್ರ ಹೇಳುತ್ತೆ. ಕಲ್ಲು ಕಟ್ಟಡದ ಮೇಸ್ತ್ರಿ. ರೆನಾಡ್ ಕಲೋನ್‌ನಲ್ಲಿ ಕಲ್ಲು ಹೊತ್ತ ಅಧ್ಯಾಯವನ್ನು ಅವನಷ್ಟು ಸರಿಯಾಗಿ ಓದಬಲ್ಲವರು ಆಕ್ಸ್‌ಫರ್ಡ್ ಅರ್ಲ್‌ನ ಮನೆಯಲ್ಲಿ ಯಾರಿದ್ದರು ಹೇಳಿ? ಕಡಿಮೆ ಕೂಲಿಗೆ ಒಪ್ಪುವವನ ಮೇಲೆ ಬೀಳುವ ಕಣ್ಣು ಎಂಥದ್ದು ಅಂತ ಮೇಸ್ತ್ರಿಗೆ ಗೊತ್ತಿರುತ್ತೆ. ಪತ್ರ ಬರೆದವನು ನಕ್ಕಿದ್ದು ತಪ್ಪು ಮನುಷ್ಯನನ್ನು ನೋಡಿ.

ನನಗೆ ಈ ಇಡೀ ವಿಷಯದಲ್ಲಿ ಅಂಟಿಕೊಂಡದ್ದು ಇದೇ. ಕ್ಯಾಕ್ಸ್ಟನ್ ಅಚ್ಚು ಹಾಕಿದ ಪ್ಯಾರಿಸ್ ಮತ್ತು ವಿಯೆನ್ ಇಂದು ಜಗತ್ತಿನ ಮೇಲೆ ಒಂದೇ ಒಂದು ಪ್ರತಿ ಇದೆ, ಬ್ರಿಟಿಷ್ ಲೈಬ್ರರಿಯಲ್ಲಿ. ಶಾರ್ಲಮೇನ್ ಕಥೆಯದೂ ಅಲ್ಲೇ, ಒಂದೇ. ಏಮನನ ಮಕ್ಕಳು ಒಂದೇ, ಬ್ಲಾಂಚಾರ್ಡಿನ್ ಒಂದೇ, ಎರಡೂ ಮ್ಯಾಂಚೆಸ್ಟರಿನ ರೈಲ್ಯಾಂಡ್ಸ್ ಲೈಬ್ರರಿಯಲ್ಲಿ, ಎರಡರಲ್ಲೂ ಹಾಳೆಗಳು ಹೋಗಿವೆ. ಆರ್ಥರ್ ಕಥೆ ಎರಡು. ಡಿ ವರ್ಡ್‌ನ ಕೆಲವು ಕಥೆಗಳದು ಬರೀ ಚೂರುಗಳು. ಹರಿದ ಹಾಳೆಯನ್ನು ಬೇರೆ ಪುಸ್ತಕದ ರಟ್ಟಿಗೆ ಒಳಗಿಟ್ಟು ಅಂಟಿಸುತ್ತಿದ್ದರು, ಅಂಥ ಕಡೆಯಿಂದ ಬಿಡಿಸಿ ತೆಗೆದ ಚೂರುಗಳು ಎಷ್ಟೋ ಇವೆ. ಅದೇ ಕ್ಯಾಕ್ಸ್ಟನ್‌ನ ಮೊದಲ ಟ್ರಾಯ್ ಪುಸ್ತಕ ನೋಡಿ, 18 ಪ್ರತಿ ಉಳಿದಿವೆ. ದುಬಾರಿ ಪುಸ್ತಕ, ದೊಡ್ಡವರ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಅದರ ಒಂದು ಪ್ರತಿ 1812ರ ಹರಾಜಿನಲ್ಲಿ ಸಾವಿರ ಪೌಂಡಿಗೂ ಮೇಲೆ ಹೋಯಿತು.

ಎಲ್ಲವೂ ಓದೀ ಓದೀ ಹಾಳಾದವು ಅಂತ ಹೇಳಲಾಗದು. ಇಲಿ, ಗೆದ್ದಲು, ಬೆಂಕಿ, ತಾತ್ಸಾರ ಎಲ್ಲಾ ಇದ್ದೇ ಇವೆ. ಆದರೆ ಕೈಯಿಂದ ಕೈಗೆ ಹೋದ ಕಥೆಪುಸ್ತಕ ಮೊದಲು ಮೊದಲ ಹಾಳೆ ಕಳೆದುಕೊಳ್ಳುತ್ತೆ, ಆಮೇಲೆ ಕೊನೆಯದು, ಆಮೇಲೆ ಒಲೆ ಹಚ್ಚಲು ಆಗುತ್ತೆ. ಹೊಸದಾಗಿ ಅಚ್ಚಾದದ್ದು ಬಂದರೆ ಹಳೇದನ್ನು ಇಟ್ಟುಕೊಳ್ಳುವವರು ಯಾರು? ಏಮನನ ಮಕ್ಕಳ ಕಥೆ 1554ರಲ್ಲಿ ಇನ್ನೂ ಅಚ್ಚಾಗುತ್ತಿತ್ತು, ಕೊಳ್ಳುವವರಿದ್ದರು ಅಂತ ತಾನೇ ಅರ್ಥ. ಒಂದೊಂದೇ ಪ್ರತಿ ಉಳಿದಿರುವುದನ್ನು ನೋಡಿದಾಗ ಇವು ಯಾರಿಗೂ ಬೇಡವಾದ ಪುಸ್ತಕಗಳು ಅನ್ನಿಸಬಹುದು. ನನಗನ್ನಿಸುವುದು ಉಲ್ಟಾ.

ಆ ಒಂಟಿ ಪ್ರತಿಗಳನ್ನು ನಾನು ಮನೆಯಲ್ಲಿ ಕೂತು ಓದಲು ಸಾಧ್ಯವಾದದ್ದು ಹಳೇ ಇಂಗ್ಲಿಷ್ ಪಠ್ಯಗಳಿಗಾಗಿಯೇ 1864ರಲ್ಲಿ ಹುಟ್ಟಿದ ಒಂದು ಸಂಘದಿಂದ. ಅವರು ಒಂದೊಂದಾಗಿ ಇವನ್ನೆಲ್ಲಾ ಮತ್ತೆ ಅಚ್ಚು ಹಾಕಿದರು. ಅದರ ಸ್ಕ್ಯಾನ್‌ಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಕಾಗುಣಿತ ಮೊದಲು ಹೆದರಿಸುತ್ತೆ, ಬಾಯಿಬಿಟ್ಟು ಓದಿದರೆ ಅರ್ಥ ಆಗುತ್ತಾ ಹೋಗುತ್ತೆ. ಯಾರಿಗಾದರೂ ಆಸೆ ಹುಟ್ಟಿದ್ದರೆ ಪ್ಯಾರಿಸ್ ಮತ್ತು ವಿಯೆನ್‌ನಿಂದ ಶುರು ಮಾಡಿ, ಪುಟ್ಟ ಪುಸ್ತಕ. ಏಮನನ ಮಕ್ಕಳಿಗೆ ಒಂದಿಷ್ಟು ಬಿಡುವು ಬೇಕು, ನಡುವಿನ ಕಾಳಗಗಳನ್ನು ಧಾರಾಳವಾಗಿ ಹಾರಿಸಬಹುದು. ಜೇಸನ್ ಬೇಡ, ಮುನ್ನುಡಿ ಸಾಕು. ಬ್ಲಾಂಚಾರ್ಡಿನ್ ಓದಿದರೆ ಒಂದು ಗೊತ್ತಿರಲಿ, ಕ್ಯಾಕ್ಸ್ಟನ್‌ನ ಉಳಿದಿರುವ ಪ್ರತಿಯಲ್ಲಿ ಕೊನೆಯೇ ಇಲ್ಲ. ಎಗ್ಲಂಟೀನ್‌ಗೆ ಕೊನೆಗೆ ಏನಾಯಿತು ಅಂದರೆ ಫ್ರೆಂಚ್ ಹಸ್ತಪ್ರತಿಗೇ ಹೋಗಬೇಕು. ಮದುವೆ ಆಗುತ್ತೆ, ಹೇಳಿಬಿಟ್ಟೆ.